ಆನ್‌ಲೈನ್ ಡಾಕ್ಟರೇಟ್: ಒಳಗೆ ಕುಳಿತು ಓದಿದವರ ಅನುಭವ ಬೇಕಾಗಿದೆ

ಬ್ಯಾಡಗಿಯವಳು

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ವಯಸ್ಸು 38. ಕಾಲೇಜು ಅಧ್ಯಾಪಕರ ಹುದ್ದೆಗೆ ಅರ್ಹತೆ ಕೊಡುವ ನೆಟ್ ಪರೀಕ್ಷೆ ಎರಡು ಸಲ ಬರೆದೆ, ಎರಡು ಸಲವೂ ಸ್ವಲ್ಪದರಲ್ಲಿ ಕೈತಪ್ಪಿತು. ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂದು ಕಾಯುವುದು ನನ್ನಂಥವರಿಗೆಲ್ಲ ಗೊತ್ತಿರುವ ಪಾಡು.

ಕಳೆದ ತಿಂಗಳಿಂದ ಒಂದು ಕಂಪನಿಯವರು ಬಿಡದೆ ಫೋನ್ ಮಾಡುತ್ತಿದ್ದಾರೆ. ಯುರೋಪಿನ ವಿಶ್ವವಿದ್ಯಾಲಯವೊಂದು ಹೊಸದಾಗಿ ಆನ್‌ಲೈನ್ ಡಾಕ್ಟರೇಟ್ ಆರಂಭಿಸಿದೆಯಂತೆ. ಮೂರು ವರ್ಷ, ಮನೆಯಲ್ಲೇ ಕುಳಿತು ಓದಬಹುದು, ಮೊದಲ ತಂಡಕ್ಕೆ ಸೇರಿದರೆ ಶುಲ್ಕದಲ್ಲಿ ರಿಯಾಯಿತಿ, ಕಂತಿನಲ್ಲಿ ಕಟ್ಟಬಹುದು. ಎಲ್ಲ ಸೇರಿ ಆರು ಲಕ್ಷ. ಮಗಳ ಹೆಸರಿನಲ್ಲಿ ಇಟ್ಟಿರುವ ಠೇವಣಿಯನ್ನು ಮುರಿಸಿದರೆ ಅರ್ಧ ಹಣ ಆಗುತ್ತದೆ.

ನನಗೆ ಹೆಸರಿನ ಹಿಂದೆ ಎರಡಕ್ಷರ ಸೇರಿಸಿಕೊಳ್ಳುವ ಆಸೆಯಷ್ಟೇ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಳಿ ಒಂದು ವಿಷಯ ಇದೆ. ನಮ್ಮ ಅಮ್ಮ ಇಪ್ಪತ್ತೆರಡು ವರ್ಷ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿದರು. ತೂಕದ ಲೆಕ್ಕದಲ್ಲಿ ಕೂಲಿ. ಸಂಜೆ ಮನೆಗೆ ಬಂದರೆ ಕೊಬ್ಬರಿ ಎಣ್ಣೆ ಹಚ್ಚಿದರೂ ಕೈಯುರಿ ಇಳಿಯುತ್ತಿರಲಿಲ್ಲ. ಚಿಕ್ಕವಳಿದ್ದಾಗ ನನ್ನ ಮುಖ ತೊಳೆಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಇದು ಈ ಊರಿಗೇ ಸೇರಿದ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಬಂತು. ಡಬ್ಬಿ, ಕಡ್ಡಿ ಎಂದು ತಳಿಗಳ ಹೆಸರು ಎಲ್ಲರಿಗೂ ಗೊತ್ತು, ಬಣ್ಣ ತೆಗೆಯುವ ಕಾರ್ಖಾನೆಗಳು ಬಂದವು, ಊರ ಸುತ್ತ ಶೀತಲಗೃಹಗಳು ಎದ್ದವು. ಆ ಬೆಲೆಯಲ್ಲಿ ತೊಟ್ಟು ಬಿಡಿಸುವ ಹೆಂಗಸಿಗೆ ಎಷ್ಟು ಬಂತು ಎಂಬುದು ನನ್ನ ಪ್ರಶ್ನೆ. ಹದಿನೈದು ವರ್ಷಗಳಿಂದ ತಲೆಯಲ್ಲಿದೆ.

ಆನ್‌ಲೈನ್ ಡಾಕ್ಟರೇಟ್ ಮಾಡಿದವರು, ಮಾಡುತ್ತಿರುವವರು, ಅದರಲ್ಲೂ ಹೊಸ ಕಾರ್ಯಕ್ರಮದ ಮೊದಲ ತಂಡದಲ್ಲಿ ಇದ್ದವರು ಇಲ್ಲಿ ಯಾರಾದರೂ ಇದ್ದೀರಾ? ಒಳಗೆ ಹೇಗಿರುತ್ತದೆ? ಗೈಡ್ ಮುಖ ನೋಡದೆ ಸಂಶೋಧನೆ ಮಾಡಲು ಆಗುತ್ತದೆಯೇ? ಹಣ ಕಟ್ಟುವ ಮೊದಲು ಏನು ಕೇಳಬೇಕು?

ಧಾರವಾಡದ ನಿವೃತ್ತ

ತಂಗಿ, ಠೇವಣಿಯನ್ನು ಮುಟ್ಟಬೇಡಿ. ನಾನು ಒಂದು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಕಡತ ನೋಡಿದವನು. ಅನುಭವದ ಮಾತನ್ನು ಓದಿದವರು ಹೇಳಲಿ, ನಾನು ನಿಯಮವನ್ನು ಹೇಳುತ್ತೇನೆ.

ಆನ್‌ಲೈನ್ ಶಿಕ್ಷಣ ಮಾರುವ ಎಜುಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜತೆ ಸೇರಿ ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಎಂದು ವಿಶ್ವವಿದ್ಯಾಲಯಗಳನ್ನು ನಿಯಂತ್ರಿಸುವ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಎಐಸಿಟಿಇ 2022ರ ಅಕ್ಟೋಬರ್‌ನಲ್ಲಿ ಒಟ್ಟಾಗಿ ಪ್ರಕಟಣೆ ಕೊಟ್ಟವು. ಅದರ ಬೆನ್ನಿಗೆ ನವೆಂಬರ್‌ನಲ್ಲಿ ಹೊಸ ಪಿಎಚ್‌ಡಿ ನಿಯಮಾವಳಿ ಬಂತು. ಅದರ ಪ್ರಕಾರವೂ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್‌ಡಿ ಕೊಡುವ ಹಾಗಿಲ್ಲ. ನಿಮಗೆ ಬೇಕಾಗಿರುವುದು ಕಾಲೇಜಿನಲ್ಲಿ ಗಟ್ಟಿ ನೆಲೆಯಾದರೆ, ಆರು ಲಕ್ಷದ ಆ ಕಾಗದ ನೇಮಕಾತಿಯ ಮೇಜಿನ ಮೇಲೆ ನಿಲ್ಲುವುದಿಲ್ಲ.

ಆದರೆ ಅದೇ ನಿಯಮಾವಳಿ ಅರೆಕಾಲಿಕ ಪಿಎಚ್‌ಡಿಗೆ ಬಾಗಿಲು ತೆರೆದಿದೆ. ಕೆಲಸ ಮಾಡುವ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮಹಿಳೆಯರಿಗೆ ಇನ್ನೂ ಎರಡು ವರ್ಷದ ಸಡಿಲಿಕೆ. ಕೋರ್ಸ್ ವರ್ಕ್, ಅಂದರೆ ಸಂಶೋಧನೆಗೆ ಸಿದ್ಧಪಡಿಸುವ ತರಗತಿ ಪಾಠ, ಕನಿಷ್ಠ 12 ಕ್ರೆಡಿಟ್. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ಇನ್ನೊಂದು ಮಾತು ನಿಮಗೆ ಉಪಯೋಗಕ್ಕೆ ಬರಬಹುದು: 2024ರ ಜೂನ್ ಪರೀಕ್ಷೆಯಿಂದ ನೆಟ್‌ನಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹತೆ ಕೊಡುವ ಮೂರನೆಯ ವರ್ಗ ಸೇರಿದೆ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಬೇಕಾದ ಅಂಕ ಸ್ವಲ್ಪದರಲ್ಲಿ ತಪ್ಪಿದವರು ಆ ದಾರಿಯಲ್ಲಿ ಒಳಗೆ ಬರಬಹುದು. ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ನೆನಪಿರಲಿ.

ಗೈಡ್ ಸಿಗುವುದೇ ಕಷ್ಟ. ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರನ್ನಷ್ಟೇ ಇಟ್ಟುಕೊಳ್ಳಬಹುದು. ಹಾಗಾಗಿ ಪ್ರಕಟಣೆ ಬರುವವರೆಗೆ ಕಾಯದೆ ಈಗಲೇ ಯಾರಲ್ಲಿ ಜಾಗ ಖಾಲಿಯಾಗಲಿದೆ ಎಂದು ಹೋಗಿ ವಿಚಾರಿಸಿ.

ಸಾಗರ–ಕೊಲಂಬಸ್

ನಿಮ್ಮ ಅಮ್ಮನ ಕೈಯ ಬಗ್ಗೆ ಓದಿದ ಮೇಲೆ ಈ ಉತ್ತರವನ್ನು ನಾಳೆಗೆ ಬಿಡಲು ಮನಸ್ಸಾಗಲಿಲ್ಲ.

ನಾನು ಸಾಗರದವಳು. 2009ರಿಂದ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ, ಇಲ್ಲಿನ ಒಂದು ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಗಣಿತ ಕಲಿಸುತ್ತೇನೆ. 2022ರ ಆಗಸ್ಟ್‌ನಲ್ಲಿ ಒಂದು ವಿಶ್ವವಿದ್ಯಾಲಯ ಆಗಷ್ಟೇ ಆರಂಭಿಸಿದ್ದ ಆನ್‌ಲೈನ್ ಎಡ್.ಡಿ.ಗೆ ಸೇರಿದೆ. ಎಡ್.ಡಿ. ಎಂದರೆ ಶಿಕ್ಷಣದಲ್ಲಿ ಡಾಕ್ಟರೇಟ್, ಶಾಲೆ ಕಾಲೇಜುಗಳಲ್ಲಿ ಕೆಲಸ ಮಾಡುತ್ತಲೇ ತಮ್ಮ ಕೆಲಸದ ಒಂದು ತೊಡಕನ್ನೇ ಸಂಶೋಧನೆಗೆ ಎತ್ತಿಕೊಳ್ಳುವವರಿಗೆ. ಮೊದಲ ತಂಡದಲ್ಲಿ ನಾವು ಹದಿನೇಳು ಜನ ಇದ್ದೆವು. ಈಗ ಹನ್ನೊಂದು. ನಾನು ನಾಲ್ಕನೆಯ ಅಧ್ಯಾಯ ಬರೆಯುತ್ತಿದ್ದೇನೆ.

ಧಾರವಾಡದ ಹಿರಿಯರು ಹೇಳಿದ್ದನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಿ. ನನಗೆ ಈ ಓದು ಹೊಂದಿದ್ದು ನಾನು ಇಲ್ಲಿಯೇ ಕೆಲಸ ಮಾಡುವುದರಿಂದ, ವಿಶ್ವವಿದ್ಯಾಲಯಕ್ಕೆ ಇಲ್ಲಿಯ ಮಾನ್ಯತೆ ಇರುವುದರಿಂದ. ಶುಲ್ಕದಲ್ಲಿ ಒಂದು ಪಾಲನ್ನು ನಮ್ಮ ಶಾಲಾ ಆಡಳಿತವೇ ಕೊಡುತ್ತದೆ, ಹೀಗೆ ಉದ್ಯೋಗದಾತರು ಕೊಡುವ ಹಣಕ್ಕೆ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ. ಈ ಯಾವ ಆಸರೆಯೂ ನಿಮಗಿಲ್ಲ. ಆನ್‌ಲೈನ್ ಕೋರ್ಸಿಗೆ ವಿದ್ಯಾರ್ಥಿ ವೀಸಾ ಸಹ ಸಿಗುವುದಿಲ್ಲ, ಯಾರಾದರೂ ಆ ಆಸೆ ತೋರಿಸಿದರೆ ನಂಬಬೇಡಿ.

ಇನ್ನು ಒಳಗೆ ಹೇಗಿರುತ್ತದೆ ಎಂದು ಕೇಳಿದಿರಿ.

ಹೊಸ ಕಾರ್ಯಕ್ರಮ ಎಂದರೆ ಮುಂದೆ ನಡೆದವರ ಹೆಜ್ಜೆಯ ಗುರುತು ಇಲ್ಲದ ದಾರಿ. ಹಳೆಯ ಕಾರ್ಯಕ್ರಮವಾದರೆ ಹಿಂದಿನ ವರ್ಷದವರನ್ನು ಕೇಳಬಹುದು: ಆ ಪ್ರೊಫೆಸರ್ ಹೇಗೆ, ಪ್ರಸ್ತಾವನೆ ಎಷ್ಟು ಪುಟ ಇರಬೇಕು, ಯಾವ ಕೋರ್ಸನ್ನು ಮೊದಲು ತೆಗೆದುಕೊಳ್ಳಬೇಕು. ನಮಗೆ ಕೇಳಲು ಯಾರೂ ಇರಲಿಲ್ಲ. ವಿದ್ಯಾರ್ಥಿ ಕೈಪಿಡಿ ಎರಡು ವರ್ಷಗಳಲ್ಲಿ ಮೂರು ಸಲ ಬದಲಾಯಿತು. ಲಿಖಿತ ಸಮಗ್ರ ಪರೀಕ್ಷೆ ಇರುತ್ತದೆ ಎಂದು ಒಂದು ಬೇಸಿಗೆಯೆಲ್ಲ ಟಿಪ್ಪಣಿ ಮಾಡಿಕೊಂಡೆ, ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು ಬರಹಗಳ ಸಂಪುಟ ಒಪ್ಪಿಸಿ ಎಂದರು. ಅತ್ತೆಯವರ ಅರವತ್ತರ ಶಾಂತಿಗೆ ಊರಿಗೆ ಹೋಗದೆ ಉಳಿದದ್ದು ಆ ಪರೀಕ್ಷೆಗೆ ಓದುವುದಕ್ಕಾಗಿ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ವಾರದ ಓಟ ಹೀಗಿತ್ತು. ಬುಧವಾರ ಮಧ್ಯರಾತ್ರಿಯೊಳಗೆ ಓದಿದ್ದರ ಬಗ್ಗೆ ಚರ್ಚಾ ಫಲಕದಲ್ಲಿ ಒಂದು ಬರಹ, ಭಾನುವಾರ ಮಧ್ಯರಾತ್ರಿಯೊಳಗೆ ಬೇರೆ ಇಬ್ಬರ ಬರಹಕ್ಕೆ ಉತ್ತರ. ಮಂಗಳವಾರ ಸಂಜೆ ಆರರಿಂದ ಎಂಟೂವರೆಯವರೆಗೆ ಜೂಮ್‌ನಲ್ಲಿ ತರಗತಿ. ಜೂನ್‌ನಲ್ಲಿ ನಾಲ್ಕು ದಿನ ಎಲ್ಲರೂ ಕ್ಯಾಂಪಸ್‌ಗೆ ಹೋಗಬೇಕು. ಚರ್ಚಾ ಫಲಕ ಮೊದಲ ತಿಂಗಳಲ್ಲೇ ಸಪ್ಪೆಯಾಯಿತು. ಎಲ್ಲರೂ ಎಲ್ಲರಿಗೂ ‘ತುಂಬಾ ಚೆನ್ನಾಗಿ ಬರೆದಿದ್ದೀರಿ’ ಎಂದು ಬರೆಯುತ್ತಿದ್ದೆವು, ಏಕೆಂದರೆ ರಾತ್ರಿ ಹನ್ನೊಂದೂವರೆಗೆ ಮಕ್ಕಳ ಡಬ್ಬಿ ತೊಳೆದಿಟ್ಟು ಕುಳಿತವರಿಗೆ ವಾದ ಮಾಡಲು ಶಕ್ತಿ ಇರುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಮೊದಲ ಜೂನ್‌ನಲ್ಲಿ ಕ್ಯಾಂಪಸ್ಸಿನ ಊಟದ ಮೇಜಿನಲ್ಲಿ ನಾಲ್ವರು ಹೆಂಗಸರು ಒಂದು ಒಪ್ಪಂದ ಮಾಡಿಕೊಂಡೆವು. ಪ್ರತಿ ಭಾನುವಾರ ಬೆಳಗಿನ ಆರು ಗಂಟೆಗೆ ಕ್ಯಾಮೆರಾ ತೆರೆದು, ಮೈಕ್ ಮುಚ್ಚಿ, ಎರಡು ತಾಸು ಅವರವರ ಬರಹ ಅವರವರು ಬರೆಯುವುದು. ಒಬ್ಬರು ನರ್ಸಿಂಗ್ ಕಾಲೇಜಿನ ಶಿಕ್ಷಕಿ, ಒಬ್ಬರು ಗ್ರಂಥಪಾಲಕಿ, ಇನ್ನೊಬ್ಬರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ. ಮೂರು ವರ್ಷವಾಯಿತು. ನಾನು ತಲೆ ಎತ್ತಿದಾಗ ಪರದೆಯ ಮೇಲೆ ಇನ್ನೂ ಮೂರು ತಲೆಗಳು ಬಗ್ಗಿರುತ್ತವೆ. ಆ ನೋಟ ಇಲ್ಲದಿದ್ದರೆ ಬಿಟ್ಟುಹೋದ ಆರು ಜನರಲ್ಲಿ ನಾನೂ ಸೇರಿ ಏಳು ಆಗುತ್ತಿತ್ತು.

2023ರ ಜುಲೈನಲ್ಲಿ ಅಮ್ಮನಿಗೆ ಮಂಡಿಯ ಶಸ್ತ್ರಚಿಕಿತ್ಸೆ. ನಾನು ಸಾಗರಕ್ಕೆ ಬಂದೆ. ಇಲ್ಲಿಯ ಮಂಗಳವಾರ ಸಂಜೆ ಆರು ಎಂದರೆ ಅಲ್ಲಿ ಬುಧವಾರ ಬೆಳಗಿನ ಜಾವ ಮೂರೂವರೆ. ಮಳೆಗೆ ಕರೆಂಟ್ ಹೋಗಿ ಎರಡು ದಿನವಾಗಿತ್ತು. ಪಕ್ಕದ ಮನೆಯವರ ಇನ್ವರ್ಟರ್‌ನಿಂದ ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು, ಮೊಬೈಲ್ ಸಿಗ್ನಲ್ ಸಿಗುವ ಜಗುಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತೆ. ಆ ದಿನದ ಪಾಠ ಸಂಶೋಧನೆಯ ನೈತಿಕತೆಯ ಬಗ್ಗೆ. ಅಲಬಾಮಾದ ಟಸ್ಕಿಗೀಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸಿಫಿಲಿಸ್ ಕಾಯಿಲೆ ಇದ್ದ ಬಡ ಕಪ್ಪು ಜನರಿಗೆ ಅದೇನೆಂದು ಹೇಳದೆ, ಪೆನಿಸಿಲಿನ್ ಬಂದ ಮೇಲೂ ಔಷಧ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ‘ಅಧ್ಯಯನ’ ಮಾಡಿದ ಕಥೆ. ಅದು ಬಯಲಾದ ಮೇಲೆಯೇ 1979ರ ಬೆಲ್ಮಾಂಟ್ ವರದಿ ಬಂದದ್ದು, ಮನುಷ್ಯರ ಮೇಲಿನ ಸಂಶೋಧನೆಗೆ ಒಪ್ಪಿಗೆ, ಗೌರವ, ನ್ಯಾಯ ಎಂಬ ಕಟ್ಟುಪಾಡು ಗಟ್ಟಿಯಾದದ್ದು. ಒಳಗೆ ಅಮ್ಮ ನೋವಿನಿಂದ ಮಗ್ಗುಲು ಬದಲಿಸುವ ಸದ್ದು, ಹೊರಗೆ ಮಳೆ, ಕಿವಿಯಲ್ಲಿ ಆ ಪಾಠ. ಹತ್ತಿರದ ತರಗತಿಯಲ್ಲಿ ಕುಳಿತಿದ್ದರೂ ಇಷ್ಟು ಆಳಕ್ಕೆ ಇಳಿಯುತ್ತಿತ್ತೋ ಇಲ್ಲವೋ. ಆದ್ದರಿಂದ ಆನ್‌ಲೈನ್ ಎಂದರೆ ತೆಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ: ನಿಮ್ಮ ಬರಹವನ್ನು ಯಾರು ಓದುತ್ತಾರೆ? ಡಾಕ್ಟರೇಟ್ ಎಂದರೆ ಕೊನೆಗೆ ಇಷ್ಟೇ. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಮನಸ್ಸಿಟ್ಟು ಓದಿ ‘ಇದು ಸಾಲದು, ಹೀಗೇಕೆ’ ಎಂದು ಕೇಳುತ್ತಾರೆ, ಮತ್ತೆ ಬರೆಯುತ್ತಾರೆ. ನನ್ನ ಮೊದಲ ಮಾರ್ಗದರ್ಶಕರು ಮೊದಲ ವರ್ಷ ಮುಗಿಯುವಷ್ಟರಲ್ಲಿ ಬೇರೆ ಕೆಲಸಕ್ಕೆ ಹೋದರು. ಹೊಸ ಕಾರ್ಯಕ್ರಮದಲ್ಲಿ ಇದ್ದವರೇ ಮೂವರು ಕಾಯಂ ಪ್ರಾಧ್ಯಾಪಕರು, ಅವರಲ್ಲಿ ಒಬ್ಬರು ಹೋದರೆ ಹದಿನೇಳು ಜನರ ಭಾರ ಇಬ್ಬರ ಮೇಲೆ. ಐದು ತಿಂಗಳು ನನಗೆ ಯಾರೂ ಇರಲಿಲ್ಲ. ಆ ಐದು ತಿಂಗಳಲ್ಲಿ ನಲವತ್ತು ಪುಟ ಬರೆದೆ. ಎಲ್ಲವೂ ಬೇರೆಯವರ ಮಾತಿನ ಸಂಗ್ರಹ: ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ.

ಎರಡನೆಯ ಮಾರ್ಗದರ್ಶಕಿ ಸಿಕ್ಕಾಗ ಆ ನಲವತ್ತು ಪುಟಗಳನ್ನು ಕಳಿಸಿದೆ. ಮೂರು ವಾರದ ನಂತರ ವಾಪಸ್ ಬಂತು. ಹನ್ನೆರಡನೆಯ ಪುಟದ ಅಂಚಿನಲ್ಲಿ ಒಂದೇ ಸಾಲು: ‘ಇದೆಲ್ಲ ಅವರು ಕಂಡದ್ದು. ನೀನು ನಿನ್ನ ತರಗತಿಯಲ್ಲಿ ಕಂಡದ್ದೇನು?’

ನಾನು ಕಂಡದ್ದನ್ನು ಆ ರಾತ್ರಿ ಬರೆದೆ. ಕೊಲಂಬಸ್‌ನಲ್ಲಿ ಸೊಮಾಲಿಯಾದಿಂದ ಬಂದವರು ಬಹಳ, ಭೂತಾನ್‌ನಿಂದ ಹೊರಹಾಕಲ್ಪಟ್ಟು ನೇಪಾಳದ ಶಿಬಿರಗಳಲ್ಲಿದ್ದು ಇಲ್ಲಿಗೆ ಬಂದ ನೇಪಾಳಿ ಭಾಷಿಕರೂ ಬಹಳ. ಹೊಸದಾಗಿ ಶಾಲೆಗೆ ಬಂದ ನೇಪಾಳಿ ಮಗುವೊಂದು ತನ್ನಷ್ಟಕ್ಕೆ ಬಾಯಲ್ಲಿ ಎಣಿಸಿಕೊಳ್ಳುತ್ತಾ 29 ಬರೆಯಬೇಕಾದ ಕಡೆ 39 ಎಂದು ಬರೆದಿತ್ತು. ಗಣಿತ ಬಾರದ ಮಗು ಎಂದು ಪಕ್ಕದ ಕೋಣೆಯ ಶಿಕ್ಷಕರು ಗುರುತು ಹಾಕಿದ್ದರು. ನನಗೆ ಕಿವಿಗೆ ಬಿದ್ದದ್ದು ‘ಉನನ್ತೀಸ್’. ಹಿಂದಿಯಂತೆ ನೇಪಾಳಿಯಲ್ಲಿಯೂ ಇಪ್ಪತ್ತೊಂಬತ್ತು ಎಂದರೆ ಮೂವತ್ತಕ್ಕೆ ಒಂದು ಕಡಿಮೆ, ಕಿವಿಗೆ ಕೇಳುವುದು ಮೂವತ್ತೇ. ನಮ್ಮ ಕನ್ನಡದಲ್ಲಿ ಇಪ್ಪತ್ತು ಮೊದಲು, ಒಂಬತ್ತು ಆಮೇಲೆ, ಬರೆಯುವ ಕ್ರಮದಲ್ಲೇ ಬಾಯಿಗೂ ಬರುತ್ತದೆ. ಇಂಗ್ಲಿಷಿನ ‘ಫೋರ್ಟೀನ್’ನಲ್ಲಿ ನಾಲ್ಕು ಮೊದಲು ಕೇಳುತ್ತದೆ, ಮಗು 41 ಬರೆಯುತ್ತದೆ. ನಮ್ಮ ‘ಹದಿನಾಲ್ಕು’ ಹತ್ತನ್ನು ಮುಂದೆ ಇಟ್ಟೇ ಹೊರಡುತ್ತದೆ. ಕನ್ನಡದ ಮಗ್ಗಿ ಬಾಯಿಪಾಠ ಮಾಡಿದ ಕಿವಿ ಇಲ್ಲದಿದ್ದರೆ ನನಗೆ ಇದು ಹೊಳೆಯುತ್ತಿರಲಿಲ್ಲ.

ನಾಣ್ಯದ ಲೆಕ್ಕವೂ ಹಾಗೆಯೇ. ಇಲ್ಲಿ ಹತ್ತು ಸೆಂಟಿನ ಡೈಮ್ ಐದು ಸೆಂಟಿನ ನಿಕಲ್‌ಗಿಂತ ಚಿಕ್ಕದು. ದೊಡ್ಡ ನಾಣ್ಯಕ್ಕೆ ಹೆಚ್ಚು ಬೆಲೆ ಎಂದು ತಿಳಿದ ಮಗು ತಪ್ಪು ಉತ್ತರ ಬರೆದರೆ ತಪ್ಪಿರುವುದು ಅದರ ಕೂಡುವಿಕೆಯಲ್ಲ. ಮನೆಯ ಭಾಷೆ ಮತ್ತು ಗಣಿತದ ಲಿಖಿತ ಸಮಸ್ಯೆಗಳು: ನನ್ನ ಪ್ರಬಂಧದ ವಿಷಯ ಆ ಒಂದು ಸಾಲಿನಿಂದ ಹುಟ್ಟಿತು. ಆ ಸಾಲು ಬರೆದ ಮಾರ್ಗದರ್ಶಕಿ ನನ್ನ ಊರಿಂದ ಮುನ್ನೂರು ಮೈಲಿ ದೂರ ಇದ್ದಾರೆ, ಮುಖಾಮುಖಿ ಭೇಟಿಯಾದದ್ದು ಒಟ್ಟು ಎರಡು ಸಲ. ಆದರೂ ನನ್ನ ಬರಹದ ಪ್ರತಿ ಸಾಲನ್ನು ಓದಿದವರು ಅವರೇ.

ಹಾಗಾಗಿ ಆ ಕಂಪನಿಯವರನ್ನು ಹೀಗೆ ಕೇಳಿ ನೋಡಿ. ನನ್ನ ಗೈಡ್ ಯಾರು, ಹೆಸರು ಹೇಳಿ. ಅವರು ಕೂಲಿ ಕಾರ್ಮಿಕರ ಬಗ್ಗೆ, ಕೃಷಿ ಮಾರುಕಟ್ಟೆಯ ಬಗ್ಗೆ ಏನು ಬರೆದಿದ್ದಾರೆ? ನಾನು ಕಳಿಸಿದ ಅಧ್ಯಾಯ ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ? ಅವರು ಬಿಟ್ಟುಹೋದರೆ ಮುಂದೆ ಯಾರು? ತೊಟ್ಟು ಬಿಡಿಸುವ ಹೆಂಗಸರ ಜತೆ ಮಾತಾಡಲು ನನಗೆ ಅನುಮತಿ ಕೊಡುವ ನೈತಿಕ ಸಮಿತಿ ಎಲ್ಲಿದೆ?

ಘಟಪ್ರಭಾ

ಮೇಲಿನ ಇಬ್ಬರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನಾನು ಬೆಳಗಾವಿ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸುತ್ತಲೇ ಅರೆಕಾಲಿಕ ಪಿಎಚ್‌ಡಿ ಮುಗಿಸಿದವನು, ಆರೂವರೆ ವರ್ಷ ಹಿಡಿಯಿತು. ಕಾಗದದ ಮೇಲೆ ನನ್ನದು ಆನ್‌ಲೈನ್ ಅಲ್ಲ. ಆದರೆ ಗೈಡ್ ಇದ್ದದ್ದು 180 ಕಿಲೋಮೀಟರ್ ದೂರ. ಕೋರ್ಸ್ ವರ್ಕ್, ಸಮಿತಿ ಸಭೆ, ಕೊನೆಯ ಮೌಖಿಕ ಪರೀಕ್ಷೆ (ವೈವಾ) ಬಿಟ್ಟರೆ ನಿಜವಾದ ಪಾಠವೆಲ್ಲ ಭಾನುವಾರ ಮಧ್ಯಾಹ್ನದ ಫೋನಿನಲ್ಲೇ ನಡೆಯಿತು. ಅವರು ಹೊಲಕ್ಕೆ ಹೋಗುವಾಗ ಮಾತಾಡುತ್ತಿದ್ದರು, ನಾನು ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದೆ. ಮೋಟರಿನ ಸದ್ದಿಗೆ ಅರ್ಧ ಕೇಳಿಸುತ್ತಿರಲಿಲ್ಲ, ಮತ್ತೆ ಕೇಳಿದರೆ ಬೇಸರಿಸದೆ ಹೇಳುತ್ತಿದ್ದರು.

ನನ್ನ ಜತೆಗೇ ನೋಂದಾಯಿಸಿದ ಗೆಳೆಯನ ಗೈಡ್ ಅದೇ ಕಟ್ಟಡದಲ್ಲಿ, ಎರಡು ಕೋಣೆ ಆಚೆ ಇದ್ದರು. ಅವನ ಮೊದಲ ಅಧ್ಯಾಯ ಅವರ ಮೇಜಿನ ಮೇಲೆ ಹದಿನಾಲ್ಕು ತಿಂಗಳು ಕುಳಿತಿತ್ತು. ಅವನು ನಡುವೆಯೇ ಬಿಟ್ಟ. ಹಾಗಾಗಿ ಕೊಲಂಬಸ್‌ನ ಅಕ್ಕ ಹೇಳಿದ್ದು ನಮ್ಮಲ್ಲಿಯೂ ಅಷ್ಟೇ ನಿಜ.

ಒಂದು ಕೆಲಸ ಮಾಡಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಕೂಡಿಟ್ಟಿರುವ ಶೋಧಗಂಗಾ ಜಾಲತಾಣಕ್ಕೆ ಹೋಗಿ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವುದು, ಶುಲ್ಕವಿಲ್ಲ. ಕೃಷಿ ಮಾರುಕಟ್ಟೆ, ಮಹಿಳಾ ಕೂಲಿ ಎಂದು ಹುಡುಕಿ. ಯಾವ ಗೈಡ್ ಕೈಕೆಳಗೆ ಎಂಥ ಪ್ರಬಂಧಗಳು ಬಂದಿವೆ ಎಂದು ಅಲ್ಲೇ ಕಾಣುತ್ತದೆ. ಎರಡು ಮೂರು ಪ್ರಬಂಧಗಳನ್ನು ಪೂರ್ತಿ ಓದಿ. ಚೆನ್ನಾಗಿ ಓದಿ ತಿದ್ದಿದ ಗೈಡ್ ಇದ್ದ ಪ್ರಬಂಧ ಹತ್ತು ಪುಟದಲ್ಲೇ ಗೊತ್ತಾಗುತ್ತದೆ.

ಬ್ಯಾಡಗಿಯವಳು

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಕಂಪನಿಯವರಿಗೆ ಫೋನ್ ಮಾಡಿ ಅಕ್ಕ ಹೇಳಿದ ಪ್ರಶ್ನೆಗಳನ್ನೇ ಕೇಳಿದೆ. ಗೈಡ್ ಹೆಸರನ್ನು ಪೂರ್ತಿ ಹಣ ಕಟ್ಟಿದ ಮೇಲೆ ತಿಳಿಸುತ್ತಾರಂತೆ. ಬ್ಯಾಡಗಿ ಎಂದರೆ ಏನು ಎಂದು ಕೇಳಿದರು. ನಾನು ಹೇಳಿದೆ. ವಿಷಯವನ್ನು ‘ಜಾಗತಿಕ ಪೂರೈಕೆ ಸರಪಣಿ’ ಎಂದು ಬದಲಿಸಿಕೊಂಡರೆ ಬೇಗ ಮುಗಿಯುತ್ತದೆ ಎಂದರು. ಫೋನ್ ಇಟ್ಟುಬಿಟ್ಟೆ. ಮಗಳ ಠೇವಣಿ ಹಾಗೆಯೇ ಇದೆ.

ಶೋಧಗಂಗಾದಲ್ಲಿ ರಾತ್ರಿ ಎರಡರವರೆಗೆ ಕುಳಿತಿದ್ದೆ. ಕೃಷಿ ಕಾರ್ಮಿಕ ಮಹಿಳೆಯರ ಬಗ್ಗೆ ಬಂದ ಎರಡು ಪ್ರಬಂಧಗಳಿಗೆ ಒಬ್ಬರೇ ಗೈಡ್ ಇದ್ದಾರೆ. ಅವರಲ್ಲಿ ಜಾಗ ಇದೆಯೇ ಎಂದು ಬರುವ ವಾರ ಹೋಗಿ ಕೇಳುತ್ತೇನೆ. ಕೈಯಲ್ಲಿ ಏನು ಹಿಡಿದುಕೊಂಡು ಹೋಗಲಿ? ಇಷ್ಟು ವರ್ಷ ತಲೆಯಲ್ಲಿದ್ದದ್ದನ್ನು ಬರೆಯಲು ಕುಳಿತರೆ ಅಮ್ಮನ ಬಗ್ಗೆಯೇ ಬರುತ್ತದೆ, ಅದು ಸಂಶೋಧನೆಯಂತೆ ಕಾಣುವುದಿಲ್ಲ.

ಧಾರವಾಡದ ನಿವೃತ್ತ

ಎಂ.ಎ. ಅಂಕಪಟ್ಟಿ, ನೆಟ್ ಅಂಕಪಟ್ಟಿ, ಕಾಲೇಜಿನ ಅನುಭವ ಪತ್ರ, ಮೂರರದ್ದೂ ಎರಡೆರಡು ಪ್ರತಿ. ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ.

ಸಾಗರ–ಕೊಲಂಬಸ್

ಅಮ್ಮನ ಬಗ್ಗೆಯೇ ಬರೆಯಿರಿ. ಅದರಲ್ಲೇ ಲೆಕ್ಕ ಇದೆ. ಒಂದು ದಿನಕ್ಕೆ ಎಷ್ಟು ಕಿಲೋ ತೊಟ್ಟು ಬಿಡಿಸುತ್ತಿದ್ದರು, ಕಿಲೋಗೆ ಎಷ್ಟು ಕೂಲಿ, ಯಾವ ವರ್ಷ ಎಷ್ಟು ಏರಿತು, ತೂಕ ಮಾಡುತ್ತಿದ್ದವರು ಯಾರು, ತೂಕದ ಬಗ್ಗೆ ಜಗಳ ಬಂದರೆ ಯಾರ ಮಾತು ನಡೆಯುತ್ತಿತ್ತು, ಸುಗ್ಗಿ ಮುಗಿದ ತಿಂಗಳುಗಳಲ್ಲಿ ಮನೆ ಹೇಗೆ ನಡೆಯಿತು, ಕೈಗೆ ಹಚ್ಚಿದ ಎಣ್ಣೆಯ ಖರ್ಚು ಯಾರದು. ಅಮ್ಮ ಈಗ ಜತೆಯಲ್ಲಿದ್ದರೆ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳಿ. ಅವರ ಒಪ್ಪಿಗೆಯನ್ನು ಮೊದಲು ಕೇಳಿ, ಮಗಳಾಗಿದ್ದರೂ ಕೇಳಬೇಕು. ನಾನು ನನ್ನ ವಿದ್ಯಾರ್ಥಿಗಳ ಪೋಷಕರಿಗೆ ಬರೆದ ಒಪ್ಪಿಗೆ ಪತ್ರ ನೈತಿಕ ಸಮಿತಿಯಿಂದ ಎರಡು ಸಲ ವಾಪಸ್ ಬಂದಿತ್ತು, ಭಾಷೆ ಕಠಿಣವಾಗಿದೆ, ಶಾಲೆ ಅರ್ಧಕ್ಕೆ ಬಿಟ್ಟವರಿಗೂ ಅರ್ಥವಾಗಬೇಕು ಎಂದು. ಸೊಮಾಲಿ ಮತ್ತು ನೇಪಾಳಿಗೆ ಅನುವಾದ ಮಾಡಿಸಿ, ಓದಲು ಬಾರದ ಒಬ್ಬ ತಾಯಿಗೆ ಬಾಯಿಯಲ್ಲಿ ಓದಿಸಿ ಹೇಳಿಸಿದೆ. ಆಕೆ ಕೊನೆಯಲ್ಲಿ ಕೇಳಿದ್ದು, ‘ಇದರಿಂದ ನನ್ನ ಮಗನಿಗೆ ಏನಾಗುತ್ತದೆ?’ ಉತ್ತರ ಕೊಡಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಿಮ್ಮ ತೊಟ್ಟು ಬಿಡಿಸುವ ಹೆಂಗಸರೂ ಅದನ್ನೇ ಕೇಳುತ್ತಾರೆ, ಈಗಲೇ ಯೋಚಿಸಿ ಇಟ್ಟುಕೊಳ್ಳಿ.

ಎರಡು ಪುಟ ಸಾಕು, ಕನ್ನಡದಲ್ಲೇ ಬರೆಯಿರಿ. ಆ ಗೈಡ್ ಹತ್ತಿರ ಹೋಗುವ ಮೊದಲು ನನಗೆ ಕಳಿಸಿ, ನನ್ನ ಖಾತೆಗೆ ಖಾಸಗಿ ಸಂದೇಶ ಹಾಕಿದರೆ ಸಿಗುತ್ತದೆ. ನಾನು ಅರ್ಥಶಾಸ್ತ್ರದವಳಲ್ಲ, ಆದರೆ ಎಲ್ಲಿ ನೀವು ಕಂಡದ್ದಿದೆ, ಎಲ್ಲಿ ಬೇರೆಯವರ ಮಾತಿದೆ ಎಂದು ಅಂಚಿನಲ್ಲಿ ಗುರುತು ಹಾಕಬಲ್ಲೆ. ಇಲ್ಲಿಯ ಭಾನುವಾರ ಬೆಳಿಗ್ಗೆ ಆರಕ್ಕೆ ನಾವು ನಾಲ್ವರು ಕುಳಿತಿರುತ್ತೇವೆ. ನಿಮಗೆ ಆಗ ಮಧ್ಯಾಹ್ನ ಮೂರೂವರೆ. ನಾನು ಉಳಿದ ಮೂವರನ್ನು ಕೇಳಿದ್ದೇನೆ, ಐದನೆಯ ಕಿಟಕಿ ತೆರೆಯಲು ಅವರ ಅಭ್ಯಂತರ ಇಲ್ಲ.